ತಿಥಿಯ ದಿನದ ಅತಿಥಿ

ಕನ್ನಡದ ಮನೆಮಾತಿನಲ್ಲಿ ‘ತಿಥಿ’ ಎಂದೊಡನೆ ನೆನಪಿಗೆ ಬರುವುದು ಪಂಚಾಂಗದ ಪಾಡ್ಯ ಬಿದಿಗೆಗಳಲ್ಲ; ತೀರಿಕೊಂಡ ಹಿರಿಯರ ದಿನ. ‘ಅತಿಥಿ’ ಎಂದರೆ ತಿಥಿಯ ಕಟ್ಟಿಲ್ಲದೆ, ಹೇಳದೆ ಕೇಳದೆ ಬಾಗಿಲಿಗೆ ಬರುವವನು ಎಂದು ಹಿಂದಿನವರು ಅರ್ಥ ಹೇಳಿದರು. ಒಬ್ಬರು ದಿನ ತಪ್ಪದೆ ಬರತಕ್ಕವರು. ಇನ್ನೊಬ್ಬರು ದಿನ ಗೊತ್ತಿಲ್ಲದೆ ಬರತಕ್ಕವರು. ಈ ಇಬ್ಬರೂ ಒಂದೇ ದಿನ ಒಂದೇ ಹೊಸ್ತಿಲಿನಲ್ಲಿ ಎದುರಾದರೆ ಮನೆಯವರ ಗತಿಯೇನು? ಅದರಲ್ಲಿಯೂ ಆ ಅತಿಥಿ ಸಮುದ್ರದಾಚೆಯ ನಾಡಿನವರಾಗಿ, ಮಾತು ಬಾರದವರಾಗಿ, ಕುಲಗೋತ್ರಗಳ ಸುಳಿವೇ ಇಲ್ಲದವರಾಗಿದ್ದರೆ?

ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಕೊರಿಯಾ ದೇಶದ ದೊಡ್ಡ ಉದ್ಯಮಗಳು ಬೆಂಗಳೂರಿನಲ್ಲಿ ಶಾಖೆಗಳನ್ನು ತೆರೆದಿವೆ. ಕನ್ನಡದ ಮನೆಗಳ ಹುಡುಗರೂ ಹುಡುಗಿಯರೂ ಓದಿಗಾಗಿ, ಉದ್ಯೋಗಕ್ಕಾಗಿ ಸೋಲ್, ಸುವೊನ್ ಮೊದಲಾದ ನಗರಗಳಿಗೆ ಹೋಗುತ್ತಿದ್ದಾರೆ. ಜೊತೆಯಲ್ಲಿ ದುಡಿಯುವವರು ಹಬ್ಬಕ್ಕೆ ಮನೆಗೆ ಕರೆಯುವುದು ಎಲ್ಲ ನಾಡುಗಳಲ್ಲಿಯೂ ಉಂಟು. ಹಾಗೆ ಕರೆದ ಹಬ್ಬ ಹಿರಿಯರ ಹಬ್ಬವಾಗಿದ್ದರೆ ಅತಿಥಿಗೆ ಸಂತೋಷದೊಡನೆ ಸಂಕೋಚವೂ ಮೂಡುತ್ತದೆ. ತನ್ನದಲ್ಲದ ಮನೆ, ತನ್ನವರಲ್ಲದ ಹಿರಿಯರು; ಅಲ್ಲಿ ತನಗೇನು ಕೆಲಸ?

ಯಲ್ದೂರಿನ ಸೀಮೆಯಲ್ಲಿ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಯಲ್ದೂರು ಒಂದು ಹೋಬಳಿಯ ಊರು. ಸುತ್ತಿನ ಸೀಮೆಯಲ್ಲಿ ಮಾವಿನ ತೋಪುಗಳು, ರಾಗಿಯ ಹೊಲಗಳು, ಮಳೆಯನ್ನೇ ನಂಬಿದ ಕೆರೆಗಳು. ಜನರ ನಾಲಿಗೆಯ ಮೇಲೆ ಕನ್ನಡವೂ ತೆಲುಗೂ ಅಕ್ಕತಂಗಿಯರಂತೆ ಕೂಡಿ ನಡೆಯುತ್ತವೆ. ಭಾದ್ರಪದದ ಹುಣ್ಣಿಮೆ ಕಳೆದು ಕೃಷ್ಣಪಕ್ಷ ಕಾಲಿಟ್ಟಿತೆಂದರೆ ಈ ಕಡೆಯ ಹಳ್ಳಿಗಳಲ್ಲಿ ಹಿರಿಯರ ಹಬ್ಬದ ಓಡಾಟ ಮೊದಲಾಗುತ್ತದೆ. ಪಂಚಾಂಗದವರು ಇದನ್ನು ಪಿತೃಪಕ್ಷವೆನ್ನುತ್ತಾರೆ. ಇದರ ಕೊನೆಯ ದಿನವೇ ಮಹಾಲಯ ಅಮಾವಾಸ್ಯೆ. ತೆಲುಗು ಮನೆಮಾತಿನವರಿಗೆ ಅದು ‘ಪೆದ್ದಲ ಅಮಾವಾಸ್ಯೆ’. ಎಲ್ಲರೂ ಅಮಾವಾಸ್ಯೆಯ ದಿನವೇ ಮಾಡಬೇಕೆಂಬ ಕಟ್ಟಿಲ್ಲ. ಹದಿನೈದು ದಿನಗಳಲ್ಲಿ ಒಂದೊಂದು ಮನೆಯವರು ಒಂದೊಂದು ದಿನವನ್ನು ಗೊತ್ತುಮಾಡಿಕೊಂಡರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿಬರಲು ಅನುಕೂಲ.

ಬ್ರಾಹ್ಮಣರ ಮನೆಯ ಶ್ರಾದ್ಧದ ರೀತಿ ಬೇರೆ. ಅಲ್ಲಿ ಎಳ್ಳು, ದರ್ಭೆ, ಪಿಂಡ, ಮಂತ್ರ. ಪಿತೃಗಳ ಸ್ಥಾನದಲ್ಲಿ ಕರೆದು ಕೂರಿಸಿದ ಬ್ರಾಹ್ಮಣರಿಗೆ ಭೋಜನ. ಅಡಿಗೆಗೂ ಕಟ್ಟುಪಾಡುಂಟು: ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿಗಳಿಗೆ ಪ್ರವೇಶ; ಈರುಳ್ಳಿ, ಎಲೆಕೋಸು, ಆಲೂಗೆಡ್ಡೆ, ಟೊಮ್ಯಾಟೊಗಳಿಗೆ ನಿಷೇಧ. ಟೊಮ್ಯಾಟೊ ಬೆಳೆಗೆ ನಾಡಿನಲ್ಲೆಲ್ಲ ಹೆಸರಾದ ಕೋಲಾರ ಜಿಲ್ಲೆಯಲ್ಲಿಯೂ ಆ ದಿನದ ಮಟ್ಟಿಗೆ ಟೊಮ್ಯಾಟೊ ಹೊರಗಿನದೇ. ಕರ್ಮ ಮುಗಿಯುವವರೆಗೆ ಹೊರಗಿನವರನ್ನು ಒಳಗೆ ಕರೆಯುವುದಿಲ್ಲ.

ಒಕ್ಕಲು ಮಕ್ಕಳ ಮನೆಗಳಲ್ಲಿ, ಇತರ ಹಲವು ಜನವರ್ಗಗಳ ಮನೆಗಳಲ್ಲಿ ಹಬ್ಬದ ರೂಪವೇ ಬೇರೆ. ಮನೆಯನ್ನು ಸಾರಿಸಿ ತೊಳೆದು, ತೀರಿಕೊಂಡವರ ಪಟಗಳಿಗೆ ಹೂವಿನ ಹಾರ ಹಾಕಿ, ಕಳಶವಿಟ್ಟು, ಹೊಸ ಪಂಚೆ ಸೀರೆಗಳನ್ನು ಮಡಿಸಿಟ್ಟು, ಬಾಳೆಯೆಲೆಯ ಮೇಲೆ ಎಡೆ ಬಡಿಸುತ್ತಾರೆ. ಮುದ್ದೆ, ಅನ್ನ, ಬಾಡಿನ ಸಾರು, ವಡೆ, ಕಜ್ಜಾಯ, ಚಕ್ಕುಲಿ. ಮಾಂಸ ತಿನ್ನದ ಮನೆಗಳಲ್ಲಿ ಕಾಳಿನ ಸಾರು, ಪಾಯಸ. ಇದರೊಡನೆ ಆಯಾ ಹಿರಿಯರು ಬದುಕಿದ್ದಾಗ ಯಾವುದನ್ನು ಇಷ್ಟಪಡುತ್ತಿದ್ದರೋ ಅದೂ ಇರಬೇಕು. ತಾತನಿಗೆ ಬೀಡಿಯ ಕಟ್ಟು, ಅಜ್ಜಿಗೆ ಎಲೆಯಡಿಕೆ ಹೊಗೆಸೊಪ್ಪು, ಕುಡಿಯುತ್ತಿದ್ದವರಿಗೆ ಒಂದು ಸೀಸೆ. ಬದುಕಿದ್ದಾಗ ಸೊಸೆ ಗೊಣಗಿಕೊಂಡ ಚಟಕ್ಕೂ ಆ ದಿನ ಕ್ಷಮೆಯುಂಟು. ಅವಳೇ ಅದನ್ನು ತಂದು ಎಲೆಯ ಪಕ್ಕದಲ್ಲಿಡುತ್ತಾಳೆ.

ಸಾಂಬ್ರಾಣಿಯ ಧೂಪ ಹಾಕಿ, ಮನೆಯವರೆಲ್ಲ ಅಡ್ಡಬಿದ್ದ ಮೇಲೆ ಒಂದು ವಿಶೇಷವಾದ ಪದ್ಧತಿ ನಡೆಯುತ್ತದೆ. ಎಲ್ಲರೂ ಹೊರಕ್ಕೆ ಬಂದು ಬಾಗಿಲನ್ನು ಮುಚ್ಚಿಕೊಳ್ಳುತ್ತಾರೆ. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಮಕ್ಕಳ ಗಲಾಟೆಯೂ ಆಗ ತಗ್ಗುತ್ತದೆ. ಸ್ವಲ್ಪ ಹೊತ್ತು ಕಳೆದು ಬಾಗಿಲು ತೆರೆದು, ಕಾಗೆಗೆ ಒಂದು ಪಾಲನ್ನು ಮಾಳಿಗೆಯ ಮೇಲಿಟ್ಟು, ಅನಂತರವೇ ಊಟ. ಊಟಕ್ಕೆ ಬರುವವರು ಮನೆಯವರಷ್ಟೇ ಅಲ್ಲ. ನಂಟರು, ನೆರೆಯವರು, ಹೊಲದಲ್ಲಿ ದುಡಿಯುವವರು, ಪೇಟೆಯ ಸ್ನೇಹಿತರು. ‘ಹಿರಿಯರಿಗೆ ಎಡೆ ಇಟ್ಟಿದ್ದೇವೆ, ಬಂದುಹೋಗಿ’ ಎಂಬ ಒಂದು ಮಾತೇ ಆಮಂತ್ರಣ.

ಅದೇ ಹುಣ್ಣಿಮೆ, ಬೇರೆ ನಾಡು

ಯಲ್ದೂರಿನಲ್ಲಿ ಭಾದ್ರಪದದ ಹುಣ್ಣಿಮೆ ಬೆಳಗುವ ರಾತ್ರಿ, ಸಾಮಾನ್ಯವಾಗಿ ಕೊರಿಯಾದಲ್ಲಿಯೂ ಹಿರಿಯರ ಹಬ್ಬ ನಡೆದಿರುತ್ತದೆ. ಅಲ್ಲಿನ ಚಾಂದ್ರಮಾನದ ಎಂಟನೆಯ ತಿಂಗಳ ಹದಿನೈದನೆಯ ದಿನ ಚುಸೊಕ್. ೨೦೨೩ರಲ್ಲಿ ಅದು ಸೆಪ್ಟೆಂಬರ್ ೨೯ರಂದು ಬಂದಿತು. ಅದರ ಮರುದಿನವೇ ಇಲ್ಲಿ ಪಿತೃಪಕ್ಷದ ಆರಂಭ. ೨೦೨೪ರಲ್ಲಿ ಚುಸೊಕ್ ಸೆಪ್ಟೆಂಬರ್ ೧೭ರಂದು, ಮಹಾಲಯ ಅಮಾವಾಸ್ಯೆ ಅಕ್ಟೋಬರ್ ೨ರಂದು. ಕೆಲವು ವರ್ಷ ಈ ಹೊಂದಿಕೆ ತಪ್ಪುವುದುಂಟು. ಎರಡು ಪಂಚಾಂಗಗಳಲ್ಲಿಯೂ ಅಧಿಕಮಾಸವಿದ್ದರೂ ಅದು ಯಾವಾಗಲೂ ಒಂದೇ ವರ್ಷ ಬೀಳದಿರುವುದೇ ಕಾರಣ. ೨೦೨೫ರಲ್ಲಿ ಅಲ್ಲಿ ಆರನೆಯ ತಿಂಗಳು ಎರಡು ಬಾರಿ ಬಂದದ್ದರಿಂದ ಚುಸೊಕ್ ಅಕ್ಟೋಬರ್ ೬ಕ್ಕೆ ಸರಿಯಿತು.

ಅಂದಿನ ಬೆಳಗಿನ ಪೂಜೆಗೆ ಚಾರ್ಯೆ ಎಂದು ಹೆಸರು. ಹೊಸ ವರ್ಷದ ಹಬ್ಬವಾದ ಸೊಲ್ಲಾಲ್ ದಿನವೂ ಅದು ನಡೆಯುತ್ತದೆ. ಒಬ್ಬೊಬ್ಬ ಹಿರಿಯರು ತೀರಿಕೊಂಡ ದಿನದಂದು ರಾತ್ರಿ ಮಾಡುವುದು ಬೇರೆ. ಅದನ್ನು ಕನ್ನಡದ ತಿಥಿಗೆ ಸರಿಯಾಗಿ ಹೋಲಿಸಬಹುದು. ಹಳೆಯ ಪದ್ಧತಿಯ ಮನೆಗಳಲ್ಲಿ ತಂದೆ, ತಾತ, ಮುತ್ತಾತ, ಅವನ ತಂದೆ ಹೀಗೆ ನಾಲ್ಕು ತಲೆಮಾರುಗಳಿಗೆ ಮನೆಯಲ್ಲಿಯೇ ಪೂಜೆ ಸಲ್ಲುತ್ತದೆ. ಅದಕ್ಕೂ ಹಿಂದಿನವರಿಗೆ ಸಾಮಾನ್ಯವಾಗಿ ಚಾಂದ್ರಮಾನದ ಹತ್ತನೆಯ ತಿಂಗಳಿನಲ್ಲಿ ವಂಶದವರೆಲ್ಲ ಸೇರಿ ಸಮಾಧಿಯ ಬಳಿ ಪೂಜೆ ಮಾಡುತ್ತಾರೆ. ಇದನ್ನೆಲ್ಲ ಕೂಡಿಸಿ ಹೇಳುವ ಹೆಸರು ಜೇಸಾ.

ಕೊರಿಯಾದವರು ಮೃತರನ್ನು ಹೂಳುವ ಪದ್ಧತಿಯವರು. ಈಚಿನ ದಶಕಗಳಲ್ಲಿ ದಹನ ಹೆಚ್ಚಾಗಿದೆ. ಗುಡ್ಡದ ಓರೆಯಲ್ಲಿ ಹಸುರು ಹುಲ್ಲಿನ ಗುಮ್ಮಟದಂತಿರುವ ಸಮಾಧಿಗಳ ಮೇಲಿನ ಹುಲ್ಲನ್ನು ಚುಸೊಕ್‌ಗೆ ಮೊದಲೇ ಕತ್ತರಿಸಿ ಓರಣಗೊಳಿಸುತ್ತಾರೆ. ಹಬ್ಬದ ದಿನ ಅಲ್ಲಿಗೆ ಹೋಗಿ ನಮಸ್ಕರಿಸಿ ಬರುತ್ತಾರೆ. ಊರಿಗೆ ಹೋಗುವವರ ನೂಕುನುಗ್ಗಲಿನಲ್ಲಿ ರೈಲುಗಳೂ ಹೆದ್ದಾರಿಗಳೂ ಕಿಕ್ಕಿರಿಯುತ್ತವೆ. ಗೌರಿ ಗಣೇಶನ ಹಬ್ಬದ ಹಿಂದಿನ ದಿನದ ಬೆಂಗಳೂರಿನ ಬಸ್ ನಿಲ್ದಾಣವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮುಚ್ಚಿದ ಬಾಗಿಲು

ಚಾರ್ಯೆಯ ದಿನ ಬೆಳಗ್ಗೆ ತಟ್ಟಿಪರದೆಯ ಮುಂದೆ ಎತ್ತರವಾದ ಮೇಜು ಹಾಕಿ, ಅದರ ಮೇಲೆ ಹಿರಿಯರ ಹೆಸರು ಬರೆದ ಕಾಗದವನ್ನೋ ಭಾವಚಿತ್ರವನ್ನೋ ನಿಲ್ಲಿಸುತ್ತಾರೆ. ಭಕ್ಷ್ಯಗಳನ್ನು ಸಾಲು ಸಾಲಾಗಿ ಜೋಡಿಸುವುದಕ್ಕೆ ನಿಯಮವುಂಟು. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿಯದು ಪಶ್ಚಿಮಕ್ಕೆ. ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ ಎಂದು ಹೇಳುತ್ತಾರೆ. ಪೀಚ್ ಹಣ್ಣನ್ನು ಇಡುವುದಿಲ್ಲ. ಅದು ಚೇತನಗಳನ್ನು ಓಡಿಸುತ್ತದೆಂದು ನಂಬಿಕೆ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಇಲ್ಲದೆ ಕೊರಿಯಾದ ದಿನನಿತ್ಯದ ಊಟವೇ ಇಲ್ಲ. ಆದರೆ ಹಿರಿಯರ ಮೇಜಿಗೆ ಅವೆರಡೂ ವರ್ಜ್ಯ. ಹೊಸ ಅಕ್ಕಿಯ ಹಿಟ್ಟಿನಿಂದ ಅರ್ಧಚಂದ್ರನ ಆಕಾರದಲ್ಲಿ ಮಾಡಿ, ಎಳ್ಳು, ಬೆಲ್ಲದಂಥ ಸಿಹಿ, ಕಾಳು ಇಲ್ಲವೆ ಚೆಸ್ಟ್‌ನಟ್ ಬೀಜದ ಹೂರಣ ತುಂಬಿ, ಪೈನ್ ಮರದ ಎಲೆಗಳ ಹಾಸಿನ ಮೇಲೆ ಹಬೆಯಲ್ಲಿ ಬೇಯಿಸಿದ ಸೊಂಗ್‌ಪ್ಯೊನ್ ಅಂದಿನ ಮುಖ್ಯ ಭಕ್ಷ್ಯ. ಕನ್ನಡದವರ ಕಣ್ಣಿಗೆ ಅದು ಕಡುಬಿನ ತಂಗಿಯಂತೆ ಕಂಡರೆ ಆಶ್ಚರ್ಯವಿಲ್ಲ.

ಧೂಪ ಹಚ್ಚಿ, ಮದ್ಯವನ್ನು ಬಟ್ಟಲಿಗೆ ಎರೆದು ಅರ್ಪಿಸಿ, ಮಂಡಿಯೂರಿ ನೆಲಕ್ಕೆ ತಲೆಬಾಗಿ ನಮಸ್ಕರಿಸುತ್ತಾರೆ. ಹಳೆಯ ಕ್ರಮದಂತೆ ಗಂಡಸರಿಗೆ ಎರಡು ನಮಸ್ಕಾರ, ಹೆಂಗಸರಿಗೆ ನಾಲ್ಕು. ಮನೆಯ ತಿಥಿಯ ದಿನವಾದರೆ ಅನ್ನದ ಬಟ್ಟಲಿನಲ್ಲಿ ಚಮಚವನ್ನು ನೆಟ್ಟಗೆ ನಿಲ್ಲಿಸುತ್ತಾರೆ: ಹಿರಿಯರು ಉಣ್ಣಲಿ ಎಂಬ ಸೂಚನೆ. ಆಮೇಲೆ ಎಲ್ಲರೂ ಹೊರಕ್ಕೆ ಹೋಗಿ ಬಾಗಿಲು ಮುಚ್ಚುತ್ತಾರೆ! ಒಂಬತ್ತು ತುತ್ತು ಉಣ್ಣುವಷ್ಟು ಹೊತ್ತು ಕಾಯಬೇಕೆಂದು ಸಂಪ್ರದಾಯ. ಅನಂತರ ಮನೆಯ ಹಿರಿಯರು ಬಾಗಿಲ ಬಳಿ ಮೂರು ಬಾರಿ ಮೆಲ್ಲಗೆ ಕೆಮ್ಮಿ, ಬರುತ್ತಿದ್ದೇವೆಂದು ತಿಳಿಸಿ, ಬಾಗಿಲು ತೆರೆಯುತ್ತಾರೆ. ಕೊನೆಗೆ ಹೆಸರು ಬರೆದ ಕಾಗದವನ್ನು ಸುಟ್ಟು, ಅರ್ಪಿಸಿದ ಆಹಾರ ಪಾನೀಯಗಳನ್ನು ಎಲ್ಲರೂ ಹಂಚಿಕೊಂಡು ಸೇವಿಸುತ್ತಾರೆ. ಇದಕ್ಕೆ ‘ಉಮ್‌ಬೊಕ್’ ಎಂದು ಹೆಸರು. ಹಿರಿಯರ ಹರಕೆಯನ್ನು ಸವಿಯುವುದು ಎಂದು ಅದರ ತಾತ್ಪರ್ಯ.

ಯಲ್ದೂರಿನ ಹಳ್ಳಿಮನೆಗೂ ಕೊರಿಯಾದ ಹಳ್ಳಿಮನೆಗೂ ನಡುವೆ ಭಾಷೆಯ ನಂಟಿಲ್ಲ, ಮತದ ನಂಟಿಲ್ಲ. ಅಲ್ಲಿನ ಆಚಾರ ಬಂದದ್ದು ಚೀನದ ಕನ್‌ಫ್ಯೂಷಿಯಸನ ಪಂಥದ ಗ್ರಂಥಗಳಿಂದ; ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಪಟ್ಟಕ್ಕೆ ಬಂದ ಜೊಸೊನ್ ರಾಜವಂಶ ಅದನ್ನು ನಾಡಿನಲ್ಲೆಲ್ಲ ಬೇರೂರಿಸಿತು. ಇಲ್ಲಿನ ಎಡೆಯ ಹಬ್ಬಕ್ಕೆ ಪುರೋಹಿತನೂ ಬೇಕಿಲ್ಲ, ಗ್ರಂಥವೂ ಬೇಕಿಲ್ಲ. ಆದರೂ ಎರಡು ನಾಡಿನವರೂ ಒಂದೇ ಸೂಕ್ಷ್ಮವನ್ನು ಕಂಡುಕೊಂಡರು. ಉಣ್ಣುವವರನ್ನು ನೋಡುತ್ತ ನಿಲ್ಲುವುದು ಮರ್ಯಾದೆಯಲ್ಲ. ಹೋದವರು ದೇವರಾದರೋ ಇಲ್ಲವೋ, ಮನೆಯ ಹಿರಿಯರಾಗಿಯಂತೂ ಉಳಿದಿದ್ದಾರೆ, ಅವರಿಗೂ ಸಂಕೋಚವುಂಟು.

ಅತಿಥಿಯ ನಡೆ

ಪರದೇಶದವರು ಈ ನಾಡಿನ ಹಳ್ಳಿಗಳಿಗೆ ಬಂದು ಹೋದದ್ದು ಹೊಸ ಸಂಗತಿಯಲ್ಲ. ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಕೋಲಾರದ ಸೀಮೆಯಲ್ಲಿ ಸಂಚರಿಸಿದನು. ಯಾವ ಜನ ಏನು ಬೆಳೆಯುತ್ತಾರೆ, ಏನು ತಿನ್ನುತ್ತಾರೆ, ಯಾರನ್ನು ಪೂಜಿಸುತ್ತಾರೆ ಎಂದು ಊರೂರಿನಲ್ಲಿ ಕೇಳಿ ಬರೆದುಕೊಂಡನು. ಅವನು ಸರ್ಕಾರದ ಪರವಾಗಿ ಪ್ರಶ್ನೆ ಹಾಕಲು ಬಂದವನು. ವಿಯೆನ್ನಾ ನಗರದಲ್ಲಿ ಹುಟ್ಟಿದ ಸ್ಕಾರ್ಲೆಟ್ ಎಪ್ಸ್ಟೈನ್ ಎಂಬ ವಿದುಷಿ ೧೯೫೪ರಿಂದ ೧೯೫೬ರವರೆಗೆ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಆ ಊರುಗಳ ನಿಜವಾದ ಹೆಸರನ್ನು ಮರೆಸಿ ಗ್ರಂಥ ಬರೆದರು. ೧೯೭೦ರಲ್ಲಿ ಮತ್ತೆ ಅಲ್ಲಿಗೆ ಬಂದರು. ಒಬ್ಬನು ದಾರಿಹೋಕ, ಇನ್ನೊಬ್ಬರು ಊರಿನಲ್ಲಿ ನಿಂತವರು. ಅತಿಥಿಯಾಗುವುದಕ್ಕೆ ಪ್ರಶ್ನೆಗಿಂತ ಹೆಚ್ಚಿನದು ಬೇಕು; ಹೊತ್ತು ಬೇಕು.

ಕನ್ನಡದ ಯುವಕನೊಬ್ಬ ಸುವೊನ್ ನಗರದಲ್ಲಿ ಕೊರಿಯಾದ ಮಿತ್ರನ ಮನೆಗೆ ಚುಸೊಕ್ ದಿನ ಹೋಗುವನೆಂದಿಟ್ಟುಕೊಳ್ಳಿ. ಪಾದರಕ್ಷೆಯನ್ನು ಬಾಗಿಲಲ್ಲೇ ಬಿಡುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಬರಿಗೈಯಲ್ಲಿ ಹೋಗಬಾರದೆಂಬುದೂ ಗೊತ್ತು. ಅಲ್ಲಿ ಹಣ್ಣಿನ ಪೆಟ್ಟಿಗೆ ಒಪ್ಪುವ ಉಡುಗೊರೆ. ಕೊಡುವುದೂ ಕೊಳ್ಳುವುದೂ ಎರಡು ಕೈಗಳಿಂದಾಗಬೇಕು. ಇಲ್ಲಿ ಬಲಗೈಗೆ ಸಲ್ಲುವ ಗೌರವ ಅಲ್ಲಿ ಎರಡಕ್ಕೂ ಸಲ್ಲುತ್ತದೆ. ಮನೆಯ ಹಿರಿಯರು ಚಮಚವನ್ನು ಎತ್ತುವವರೆಗೆ ಕಿರಿಯರು ಊಟಕ್ಕೆ ಕೈಹಾಕುವಂತಿಲ್ಲ. ಹಿರಿಯರು ಬಟ್ಟಲಿಗೆ ಎರೆದದ್ದನ್ನು ಎರಡು ಕೈಗಳಲ್ಲಿ ಹಿಡಿದು, ಮುಖವನ್ನು ಪಕ್ಕಕ್ಕೆ ತಿರುಗಿಸಿ ಕುಡಿಯಬೇಕು. ವಯಸ್ಸೆಷ್ಟೆಂದು ಕೇಳಿದರೆ ಬೇಸರಿಸಬಾರದು. ಅದು ತಿಳಿಯದೆ ಹೇಗೆ ಮಾತನಾಡಿಸಬೇಕೆಂಬುದೇ ಅವರಿಗೆ ಗೊತ್ತಾಗದು. ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂದು ಹವಣಿಸುವ ಕನ್ನಡಿಗರಿಗೆ ಈ ಕಷ್ಟ ಅರ್ಥವಾಗುವಂಥದೇ. ಸಾಮಾನ್ಯವಾದ ಊಟದಲ್ಲಿ ಚಮಚವನ್ನೋ ಕಡ್ಡಿಗಳನ್ನೋ ಅನ್ನದಲ್ಲಿ ನೆಟ್ಟಗೆ ನಿಲ್ಲಿಸಿದರೆ ಮಾತ್ರ ದೊಡ್ಡ ಪ್ರಮಾದ. ಅದು ಹೋದವರಿಗೆ ಮೀಸಲಾದ ಸಂಜ್ಞೆ.

ಕಷ್ಟವಿರುವುದು ಊಟದಲ್ಲಿ. ಹಿರಿಯರ ಮೇಜಿನ ಮೇಲಿನ ಸಾರಿನಲ್ಲಿಯೂ ಸುಟ್ಟ ಖಾದ್ಯದಲ್ಲಿಯೂ ದನದ ಮಾಂಸವಿರುವುದು ವಾಡಿಕೆ. ಪ್ರಸಾದವನ್ನು ಬೇಡವೆಂದರೆ ಅವಮಾನ. ತಿಂದರೆ ತನ್ನ ಮನೆಯ ಕಟ್ಟಳೆಗೆ ವಿರೋಧ. ಇದಕ್ಕೆ ಉಪಾಯ ಒಂದೇ: ಕರೆ ಬಂದ ದಿನವೇ ತನ್ನ ಆಹಾರದ ನಿಯಮವನ್ನು ವಿನಯದಿಂದ ತಿಳಿಸುವುದು. ಬೇಯಿಸಿ ಒಗ್ಗರಿಸಿದ ಸೊಪ್ಪು ತರಕಾರಿಗಳು, ಸೊಂಗ್‌ಪ್ಯೊನ್, ಹಣ್ಣುಗಳು ಆ ಮೇಜಿನ ಮೇಲೆ ಸಾಕಷ್ಟು ಇರುತ್ತವೆ. ಮುಂಚೆ ಹೇಳಿದ ನಿಯಮ ಸಂಕೋಚವನ್ನು ತಪ್ಪಿಸುತ್ತದೆ. ಎಲೆಯ ಮುಂದೆ ಕುಳಿತು ಹೇಳಿದ ನಿಯಮ ಅಡಿಗೆ ಮಾಡಿದವಳ ಮನಸ್ಸನ್ನು ಮುರಿಯುತ್ತದೆ.

ನಮಸ್ಕರಿಸಬೇಕೋ ಬೇಡವೋ ಎಂಬ ಪ್ರಶ್ನೆ ಇನ್ನೂ ಸೂಕ್ಷ್ಮ. ಕೊರಿಯಾದ ಚರಿತ್ರೆಯಲ್ಲಿ ಈ ನಮಸ್ಕಾರಕ್ಕಾಗಿ ಪ್ರಾಣ ಹೋದದ್ದುಂಟು. ೧೭೯೧ರಲ್ಲಿ ಯುನ್ ಜಿ-ಚುಂಗ್ ಎಂಬ ಕುಲೀನನು ಕ್ರೈಸ್ತನಾಗಿ, ಹಿರಿಯರ ಹೆಸರಿನ ಫಲಕಗಳನ್ನು ಸುಟ್ಟು, ತಾಯಿ ತೀರಿಕೊಂಡಾಗ ಜೇಸಾ ಮಾಡಲು ಒಪ್ಪದೆ ಮರಣದಂಡನೆಗೆ ಗುರಿಯಾದನು. ಒಂದೂವರೆ ಶತಮಾನ ಕಳೆಯುವ ಹೊತ್ತಿಗೆ, ೧೯೩೯ರಲ್ಲಿ, ಹಿರಿಯರಿಗೆ ಸಲ್ಲಿಸುವ ಗೌರವ ಮತದ್ರೋಹವಲ್ಲವೆಂದು ರೋಮಿನ ಪೀಠ ಸಮ್ಮತಿಯಿತ್ತಿತು. ಇಂದಿಗೂ ಪ್ರಾಟೆಸ್ಟೆಂಟ್ ಪಂಥದ ಅನೇಕ ಮನೆಗಳಲ್ಲಿ ಮೇಜಿಗೆ ಬದಲು ಪ್ರಾರ್ಥನೆ ನಡೆಯುತ್ತದೆ. ಒಂದೇ ಮನೆಯಲ್ಲಿ ಅಣ್ಣ ಮಂಡಿಯೂರುವುದು, ತಮ್ಮ ತಲೆ ತಗ್ಗಿಸಿ ನಿಲ್ಲುವುದು ಉಂಟು. ಆದ್ದರಿಂದ ಪರದೇಶದ ಅತಿಥಿಯಿಂದ ಯಾರೂ ಬಲವಂತವಾಗಿ ನಮಸ್ಕಾರವನ್ನು ನಿರೀಕ್ಷಿಸುವುದಿಲ್ಲ. ಕರೆದರೆ ಸೇರಬಹುದು, ಕರೆಯದಿದ್ದರೆ ಹಿಂದೆ ಸುಮ್ಮನೆ ನಿಲ್ಲಬಹುದು.

ಸುಮ್ಮನಿರುವುದೂ ಒಂದು ಪೂಜೆಯೇ. ಶ್ರಾದ್ಧದಲ್ಲಿ ಉಣ್ಣುವವರು ಮೌನವಾಗಿ ಉಣ್ಣಬೇಕು, ಅಡಿಗೆಯ ಗುಣವನ್ನು ಬಣ್ಣಿಸಬಾರದು ಎಂದು ಮನುಸ್ಮೃತಿ ಹೇಳುತ್ತದೆ. ವಿಷ್ಣುಪುರಾಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಯೋಗಿಗಳು ತಮ್ಮ ಗುರುತು ತೋರದೆ ನಾನಾ ರೂಪಗಳಿಂದ ಲೋಕದಲ್ಲಿ ಸಂಚರಿಸುತ್ತಾರಾಗಿ, ಶ್ರಾದ್ಧದ ಹೊತ್ತಿಗೆ ಬಂದ ಅತಿಥಿಯನ್ನು ತಿಳಿದವನು ಆದರಿಸಬೇಕೆಂದು ಅದರ ಅಭಿಪ್ರಾಯ. ಕುಲ ಕೇಳಿ ಮಣೆ ಹಾಕುವ ಕಾಲದಲ್ಲಿಯೇ ಗುರುತಿಲ್ಲದವರಿಗೂ ಒಂದು ಮಣೆ ಮಿಗಿಸಿಟ್ಟ ಮಾತು ಅದು. ಕರ್ಮಠರ ಮನೆಗಳಲ್ಲಿ ಈ ಮಾತು ಎಷ್ಟು ನಡೆಯಿತೋ! ಯಲ್ದೂರಿನ ಎಡೆಯ ಮನೆಗಳವರು ಪುರಾಣ ಓದದೆಯೇ ಇದನ್ನು ನಡೆಸಿಕೊಂಡು ಬಂದಿದ್ದಾರೆ.

ಬಾಗಿಲಿನಾಚೆ ಉಳಿದವರು

ಕೊರಿಯಾದ ಹಿರಿಯರ ಹಬ್ಬದ ಹಿಂದೆ ಒಂದು ದೊಡ್ಡ ದುಃಖವಿದೆ; ಅದರ ಸಮೀಪದವರೆಗೆ ಹೋಗಿಬಂದವರಲ್ಲಿ ಕನ್ನಡ ನಾಡಿನ ಒಬ್ಬ ಮಹನೀಯರೂ ಇದ್ದರು. ೧೯೫೩ರ ಜುಲೈ ತಿಂಗಳಿನಲ್ಲಿ ಕೊರಿಯಾ ಯುದ್ಧಕ್ಕೆ ಕದನವಿರಾಮವಾಯಿತು. ತಮ್ಮ ದೇಶಕ್ಕೆ ಮರಳಲು ಒಪ್ಪದ ಸೆರೆಯಾಳುಗಳ ಇತ್ಯರ್ಥಕ್ಕಾಗಿ ತಟಸ್ಥ ರಾಷ್ಟ್ರಗಳ ಆಯೋಗವೊಂದು ನೇಮಕವಾಯಿತು. ಅದರ ಅಧ್ಯಕ್ಷರಾಗಿ ಹೋದವರು ೧೯೦೬ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಜನರಲ್ ಕೆ. ಎಸ್. ತಿಮ್ಮಯ್ಯ. ಎರಡು ಸೈನ್ಯಗಳ ನಡುವಣ ಬರಡು ಪಟ್ಟಿಯಲ್ಲಿ ಭಾರತದ ಸೈನಿಕರು ‘ಹಿಂದ್ ನಗರ’ ಎಂಬ ಶಿಬಿರವನ್ನು ಹೂಡಿ ೨೨,೦೦೦ಕ್ಕೂ ಮೇಲ್ಪಟ್ಟ ಸೆರೆಯಾಳುಗಳನ್ನು ಕಾಯ್ದರು.

ತಿಮ್ಮಯ್ಯನವರ ಕೊಡವ ಜನರಲ್ಲಿ ಹಿರಿಯರ ಆರಾಧನೆಯೇ ಮನೆತನದ ಬೆನ್ನೆಲುಬು. ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಹಿರಿಯರಿಗಾಗಿ ದೀಪ ಬೆಳಗುತ್ತದೆ. ಮನೆಯ ಹತ್ತಿರ ಅವರಿಗಾಗಿ ಕೈಮಡವಿರುತ್ತದೆ. ‘ಕಾರಣಂಗ್ ಕೊಡ್‌ಪ’ ಎಂಬ ಆಚರಣೆಯಲ್ಲಿ ಒಕ್ಕದವರೆಲ್ಲ ಕೂಡಿ ಮೂಲಪುರುಷನಿಗೆ ಮದ್ಯಮಾಂಸಗಳ ಎಡೆ ಸಲ್ಲಿಸುತ್ತಾರೆ. ಅಂಥ ನಾಡಿನಿಂದ ಹೋದ ಸೇನಾಪತಿಯ ಮುಂದೆ, ತಂದೆತಾಯಿಗಳ ಸಮಾಧಿ ಒಂದು ಕಡೆ, ತಮ್ಮ ಬಾಳು ಇನ್ನೊಂದು ಕಡೆ ಎಂದು ನಿರ್ಧರಿಸಬೇಕಾದ ಯುವಕರು ನಿಂತಿದ್ದರು. ಅವರ ಪೈಕಿ ೮೮ ಮಂದಿ ಎರಡು ಪಕ್ಷಗಳನ್ನೂ ಒಲ್ಲೆವೆಂದು ೧೯೫೪ರಲ್ಲಿ ಭಾರತಕ್ಕೆ ಬಂದರು. ಬಹುಮಂದಿ ಕೊರಿಯಾದವರು, ಕೆಲವರು ಚೀನದವರು. ಮುಂದೆ ಹೆಚ್ಚಿನವರು ಬ್ರೆಜಿಲ್, ಅರ್ಜೆಂಟೀನಾಗಳಿಗೆ ತೆರಳಿದರು. ಅವರ ಊರಿನ ಸಮಾಧಿಗಳ ಮೇಲಿನ ಹುಲ್ಲನ್ನು ಕತ್ತರಿಸುವ ಭಾಗ್ಯ ಅವರ ಕೈಗಿರಲಿಲ್ಲ.

ಉತ್ತರದಲ್ಲಿ ಹುಟ್ಟಿ ದಕ್ಷಿಣದಲ್ಲಿ ಸಿಕ್ಕಿಕೊಂಡವರ ಪಾಡೂ ಅದೇ. ಗಡಿಯ ಸಮೀಪದ ಇಮ್‌ಜಿನ್‌ಗಾಕ್ ಎಂಬಲ್ಲಿ ೧೯೮೫ರಲ್ಲಿ ಒಂದು ವೇದಿಕೆಯನ್ನು ಕಟ್ಟಲಾಯಿತು. ಚುಸೊಕ್, ಸೊಲ್ಲಾಲ್ ದಿನಗಳಂದು ಅವರು ಅಲ್ಲಿಗೆ ಬಂದು, ಉತ್ತರ ದಿಕ್ಕಿಗೆ ಮುಖಮಾಡಿ, ಕಾಣದ ಸಮಾಧಿಗಳಿಗೆ ನಮಸ್ಕರಿಸುತ್ತಾರೆ. ಬೇರ್ಪಟ್ಟ ಬಂಧುಗಳನ್ನು ಕಾಣಬೇಕೆಂದು ೧,೩೦,೦೦೦ಕ್ಕೂ ಹೆಚ್ಚು ಮಂದಿ ದಕ್ಷಿಣ ಕೊರಿಯಾದಲ್ಲಿ ಹೆಸರು ಬರೆಸಿದರು. ಅವರಲ್ಲಿ ಬಹುಪಾಲು ಜನ ಕಾಯುತ್ತಲೇ ತೀರಿಕೊಂಡರು. ೨೦೦೦ದಿಂದ ೨೦೧೮ರವರೆಗೆ ೨೧ ಬಾರಿ ನಡೆದ ಭೇಟಿಗಳಲ್ಲಿ ಕೆಲವರಿಗೆ ಮಾತ್ರ ಕೆಲವು ಗಂಟೆಗಳ ಮುಖದರ್ಶನ ದೊರೆಯಿತು. ಚುಸೊಕ್ ದಿನ ಕೊರಿಯಾದ ಮನೆಗೆ ಹೋದ ಅತಿಥಿ, ಹಿರಿಯರ ಊರು ಯಾವುದೆಂದು ಕೇಳುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು. ಉತ್ತರ ಬರುವ ಮೊದಲು ಒಂದು ದೀರ್ಘ ಮೌನ ಬರಬಹುದು.

ಎಡೆ ಇಡುವವರು ಯಾರು?

ಎರಡು ನಾಡಿನಲ್ಲಿಯೂ ಹಿರಿಯರಿಗೆ ಕೈಮುಗಿಯುವವರು ಗಂಡುಮಕ್ಕಳು, ಕೈಸುಟ್ಟುಕೊಂಡು ಅಡಿಗೆ ಮಾಡುವವರು ಹೆಣ್ಣುಮಕ್ಕಳು. ಕಜ್ಜಾಯದ ಪಾಕ ಕಾಯುವವಳೂ ಸೊಂಗ್‌ಪ್ಯೊನ್ ತುಂಬುವವಳೂ ಬಹುಮಟ್ಟಿಗೆ ಸೊಸೆಯೇ. ಅವಳು ಉಪಚರಿಸುವುದು ಗಂಡನ ಹಿರಿಯರನ್ನು. ಕೊರಿಯಾದಲ್ಲಿ ಈ ದುಡಿಮೆಯ ಮೇಲಣ ಅಸಮಾಧಾನ ಎಷ್ಟು ಬೆಳೆಯಿತೆಂದರೆ, ಕನ್‌ಫ್ಯೂಷಿಯಸ್ ಪಂಥದ ಪ್ರಮುಖ ಪೀಠವಾದ ಸುಂಗ್‌ಗ್ಯುನ್‌ಗ್ವಾನ್ ಸಂಸ್ಥೆಯೇ ೨೦೨೨ರ ಸೆಪ್ಟೆಂಬರ್‌ನಲ್ಲಿ ಸರಳವಾದ ಕ್ರಮವೊಂದನ್ನು ಪ್ರಕಟಿಸಿತು. ಮೇಜಿನ ಮೇಲೆ ಒಂಬತ್ತು ಬಗೆಗಳಿದ್ದರೆ ಸಾಕು, 
ಎಣ್ಣೆಯಲ್ಲಿ ಕರಿದ ಭಕ್ಷ್ಯಗಳು ಅವಶ್ಯವಿಲ್ಲ ಎಂದು ಹೇಳಿತು. ೨೦೨೩ರ ಮೇ ೧೧ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಮಕ್ಕಳಲ್ಲಿ ಒಮ್ಮತವಿಲ್ಲದಿದ್ದರೆ ಜೇಸಾದ ಅಧಿಕಾರ ಹಿರಿಯ ಮಗನಿಗೇ ಎಂದಿದ್ದ ಹಳೆಯ ತೀರ್ಪನ್ನು ಬದಲಿಸಿ, ಗಂಡಾಗಲಿ ಹೆಣ್ಣಾಗಲಿ ಸಮೀಪದ ಸಂತತಿಯಲ್ಲಿ ವಯಸ್ಸಿಗೆ ಹಿರಿಯರಾದವರಿಗೆ ಅದು ಸಲ್ಲುತ್ತದೆಂದು ತೀರ್ಮಾನಿಸಿತು. ಕರ್ನಾಟಕದಲ್ಲಿ ೧೯೯೪ರಲ್ಲಿ ಜಾರಿಗೆ ಬಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕನ್ನು ಕೊಟ್ಟಿತು. ೨೦೦೫ರಲ್ಲಿ ದೇಶಕ್ಕೆಲ್ಲ ಅದು ಅನ್ವಯಿಸಿತು. ಹೊಲದಲ್ಲಿ ಪಾಲು ಬಂದವಳಿಗೆ ಎಡೆಯಲ್ಲಿಯೂ ಪಾಲು ಬೇಡವೇ ಎಂಬುದನ್ನು ಇಲ್ಲಿ ಇನ್ನೂ ಆಯಾ ಮನೆಯವರೇ ಯೋಚಿಸಬೇಕಾಗಿದೆ.

ಅತಿಥಿಯಾಗಿ ಬಂದ ಅಜ್ಜಿ

ಕೊರಿಯಾದವರ ಒಂದು ದೊಡ್ಡ ವಂಶದ ಮೂಲದಲ್ಲಿಯೇ ಭಾರತದ ಅತಿಥಿಯೊಬ್ಬಳಿದ್ದಾಳೆ. ಹದಿಮೂರನೆಯ ಶತಮಾನದ ‘ಸಂಗುಕ್ ಯುಸಾ’ ಎಂಬ ಗ್ರಂಥದ ಕಥೆಯಂತೆ, ಕ್ರಿ. ಶ. ೪೮ರಲ್ಲಿ ಆಯುತ ಎಂಬ ನಾಡಿನ ರಾಜಕುಮಾರಿ ಹಡಗಿನಲ್ಲಿ ಬಂದು ಗಯಾ ರಾಜ್ಯದ ದೊರೆ ಸೂರೋವನ್ನು ವರಿಸಿದಳು. ಅವಳ ಹೆಸರು ಹೊ ಹ್ವಾಂಗ್-ಓಕ್. ಆಯುತವೆಂದರೆ ಅಯೋಧ್ಯೆ ಎಂದು ಹಲವರು ಹೇಳುತ್ತಾರೆ. ಕಥೆಯನ್ನು ಚರಿತ್ರೆಯೆಂದು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಗಿಮ್‌ಹೆಯ ಕಿಮ್ ವಂಶದವರಿಗೆ ಅವಳು ಮೂಲದ ಅಜ್ಜಿ. ಅಯೋಧ್ಯೆಯಲ್ಲಿ ೨೦೦೧ರಲ್ಲಿ ಅವಳ ಸ್ಮಾರಕವಾಯಿತು. ೨೦೧೮ರ ನವೆಂಬರ್‌ನಲ್ಲಿ ಅದರ ವಿಸ್ತರಣೆಯ ಶಂಕುಸ್ಥಾಪನೆಗೆ ದಕ್ಷಿಣ ಕೊರಿಯಾದ ಅಧ್ಯಕ್ಷರ ಪತ್ನಿ ಕಿಮ್ ಜುಂಗ್-ಸುಕ್ ಬಂದಿದ್ದರು. ಭಾಷೆ ಬಾರದ ನಾಡಿಗೆ ಬಂದಿಳಿದ ಹೆಣ್ಣಿಗೆ ಆ ನಾಡಿನ ಲಕ್ಷಾಂತರ ಜನ ಹಿರಿಯಳೆಂದು ಬಾಗುತ್ತಾರೆ.

ಮನೆಯಿಂದ ದೂರದಲ್ಲಿರುವವರಿಗೆ ಹಿರಿಯರ ಹಬ್ಬ ಬಹಳ ಕಷ್ಟದ ದಿನ. ಯಲ್ದೂರಿನ ಕಡೆಯ ಯುವಕ ಸುವೊನ್‌ನಲ್ಲಿರುವಾಗ ಊರಿನಲ್ಲಿ ಅವನ ತಂದೆಯ ಪಟದ ಮುಂದೆ ತಮ್ಮನು ಎಡೆ ಇಡುತ್ತಾನೆ. ಬೆಂಗಳೂರಿನಲ್ಲಿರುವ ಕೊರಿಯಾದ ಉದ್ಯೋಗಿಯ ಮನೆಯ ಸಮಾಧಿಯ ಹುಲ್ಲನ್ನು ಇನ್ನಾರೋ ಕತ್ತರಿಸುತ್ತಾರೆ. ಅಂಥವರನ್ನು ಆ ದಿನ ಮನೆಗೆ ಕರೆದು ಒಂದು ಎಲೆ ಹೆಚ್ಚಿಗೆ ಹಾಕುವುದರಿಂದ ಮನೆಯ ಹಿರಿಯರ ಪಾಲೇನೂ ಕಡಿಮೆಯಾಗುವುದಿಲ್ಲ. ಊಟ ಮುಗಿದು ಎಲೆಯಡಿಕೆಯ ಹೊತ್ತಿಗೆ, ಪಟದಲ್ಲಿರುವವರು ಯಾರು, ಹೇಗಿದ್ದರು ಎಂದು ಅತಿಥಿ ಕೇಳಬಹುದು; ಅತಿಥಿಯ ತಂದೆತಾಯಿಗಳು ಯಾರು, ಹೇಗಿದ್ದರು ಎಂದು ಮನೆಯವರು ಕೇಳಬಹುದು. ಮುಚ್ಚಿದ ಬಾಗಿಲನ್ನು ತೆರೆದ ಮೇಲೆ ಬದುಕಿರುವವರು ಮಾಡಬೇಕಾದ ಕೆಲಸ ಅದೇ.